ದೀಪಿಕಾಳ ಸೈಕಲ್ಲಿಗೆ ಹೊಸ ಎಣ್ಣೆ

ನನಗೆ ಹೊಟ್ಟೆಕಿಚ್ಚು ಅಂತ ಯಾರಾದರೂ ಹೇಳಿದರೆ ಇಲ್ಲ ಅನ್ನುವವಳಲ್ಲ ನಾನು. ಹೌದು, ಹೊಟ್ಟೆಕಿಚ್ಚೇ. ನನ್ನ ವಾರಗಿತ್ತಿ ದೀಪಿಕಾ ತಲೆಗೆ ಹೆಲ್ಮೆಟ್ ಸಿಕ್ಕಿಸಿಕೊಂಡು, ಆ ಗೇರ್ ಸೈಕಲ್ ಏರಿ ಗೇಟು ದಾಟುವುದನ್ನು ಕಂಡಾಗಲೆಲ್ಲ ಮೈಯೆಲ್ಲ ಉರಿಯುತ್ತದೆ. ಉರಿಯಬಾರದು ಅನ್ನುವವರು ಒಂದು ದಿನ ನನ್ನ ಜಾಗದಲ್ಲಿ ನಿಂತು ನೋಡಲಿ.

ಚಳ್ಳಕೆರೆಯಲ್ಲಿ ನಮ್ಮದು ಎಣ್ಣೆ ಮಿಲ್ಲು. ಮದುವೆಯಾಗಿ ಈ ಮನೆಗೆ ಬರುವಾಗ ನಾನೂ ಒಂದು ಸೈಕಲ್ ತಂದಿದ್ದೆ. ನನ್ನ ತವರು ಪರಶುರಾಂಪುರದ ಹತ್ತಿರ. ಹೈಸ್ಕೂಲಿಗೆ, ಆಮೇಲೆ ಕಾಲೇಜಿಗೆ, ಕೆರೆಯಂಗಳವನ್ನು ಅಡ್ಡ ಹಾಯ್ದು ಹೋಗುತ್ತಿದ್ದ ಸೈಕಲ್ ಅದು. ಬೀರು, ಮಂಚದ ಜೊತೆ ಅಪ್ಪ ಅದನ್ನೂ ಟ್ರ್ಯಾಕ್ಟರಿಗೆ ಏರಿಸಿ ಕಳಿಸಿದ್ದರು. ಅತ್ತೆ ಶಿವಬಸಮ್ಮನವರು ಬಾಗಿಲಲ್ಲೇ ನಿಂತು ನೋಡಿದರು.

"ನಮ್ಮನೆ ಸೊಸೆ ಪೇಟೆ ಬೀದಿಯಾಗೆ ಸೈಕಲ್ ತುಳ್ಕಂಡು ಹೋದ್ರೆ ಜನ ಏನಂತಾರೆ? ಮಿಲ್ಲು ಮುಳುಗೈತೆ ಅಂತಾರೆ," ಅಂದರು.

ನಾಲ್ಕು ದಿನ ಕಳೆಯುವುದರೊಳಗೆ ಅತ್ತೆ ಅದನ್ನು ಮಿಲ್ಲಿನ ಕೆಲಸದ ಜುಂಜಪ್ಪನಿಗೆ ಕೊಟ್ಟುಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಅವನು ಬೆಳಿಗ್ಗೆ ಬೆಲ್ ಬಾರಿಸಿಕೊಂಡು ಬರುವಾಗ ನಾನು ಒಲೆಯ ಮುಂದೆ ಇರುತ್ತಿದ್ದೆ. ಆ ಸದ್ದು ಕೇಳಿದರೆ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಎಸೆಯುತ್ತಿದ್ದೆ. ನಮ್ಮವರು, ಅಂದರೆ ನನ್ನ ಗಂಡ ಸಿದ್ದಲಿಂಗೇಶ್, "ಹೋಗ್ಲಿ ಬಿಡೇ, ಕಾರಿಲ್ವಾ?" ಅಂದಿದ್ದರು. ಕಾರು ಇತ್ತು. ಅದರಲ್ಲಿ ಕೂರುವುದು ನನ್ನ ಕೆಲಸ, ಎಲ್ಲಿಗೆ ಹೋಗಬೇಕು ಅನ್ನುವುದು ಅವರ ಕೆಲಸ.

ಹದಿನೈದು ಹದಿನಾರು ವರ್ಷ ಆದಮೇಲೆ ಮೈದುನ ಮಲ್ಲಿಕ್ ದಾವಣಗೆರೆಯಿಂದ ದೀಪಿಕಾಳನ್ನು ಮದುವೆಯಾಗಿ ಕರೆತಂದ. ಇಬ್ಬರಿಗೂ ಸೈಕಲ್ ಹುಚ್ಚು. ಟಾರು ರಸ್ತೆಯಲ್ಲಿ ಅಲ್ಲ. ಹೊಲದ ಬದು, ಹಳ್ಳ, ಕೆರೆ ಹಿನ್ನೀರಿನ ಬಯಲು ಇಂಥ ಕಡೆಯೇ ಆಗಬೇಕು. ಈ ಸಲ ಅತ್ತೆ ಬಾಗಿಲಲ್ಲಿ ನಿಂತು ಏನು ಅಂದರು ಗೊತ್ತೇ? "ತುಳೀಲಿ ಬಿಡು, ಮೈಗೆ ಒಳ್ಳೇದು." ಅಬ್ಬಾ! ನನಗೂ ಒಂದು ಮೈ ಇದೆ ಅನ್ನುವುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನನಗೆ ಬೇಕಾಗಿದ್ದುದು ದೀಪಿಕಾಳ ಸೈಕಲ್ ಅಲ್ಲ. ನನಗೆ ಒಂದು ಮಾತು ಬೇಕಾಗಿತ್ತು. "ಕಾಂಚನಾ, ಅವತ್ತು ನಿಂಗೆ ಬ್ಯಾಡ ಅಂದಿದ್ದು ತಪ್ಪಾಯ್ತು ಕಣೇ," ಅಂತ ಅತ್ತೆಯ ಬಾಯಿಂದ ಬರಬೇಕಿತ್ತು. ಅದಕ್ಕಾಗಿ ದಿನವೂ ಅವರ ಮುಖ ನೋಡುತ್ತಿದ್ದೆ. ಅವರು ಉಪ್ಪು ಕಡಿಮೆಯಾಯಿತು ಅನ್ನುತ್ತಿದ್ದರು, ಮೊಸರು ಹುಳಿಯಾಯಿತು ಅನ್ನುತ್ತಿದ್ದರು. ಆ ಮಾತು ಮಾತ್ರ ಬರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ದೀಪಾವಳಿ ಪಾಡ್ಯದ ದಿನ ಹೊಸ ಶೇಂಗಾದ ಮೊದಲ ಎಣ್ಣೆ ತೆಗೆದು, ಮೊದಲು ದೇವರ ದೀಪಕ್ಕೆ ಹಾಕಿ, ಆಮೇಲೆ ಮನೆಯಲ್ಲಿ ತಿರುಗುವುದಕ್ಕೆಲ್ಲ ಮುಟ್ಟಿಸುತ್ತಾರೆ. ಮಿಲ್ಲಿನ ಚಕ್ರ, ಬಾವಿಯ ರಾಟೆ, ಬಾಗಿಲ ತಿರುಗಣಿ, ಎಲ್ಲಕ್ಕೂ. ಅತ್ತೆಯೇ ಮುಟ್ಟಿಸಬೇಕು, ಬೇರೆಯವರ ಕೈ ಸಲ್ಲದು. ಕಳೆದ ದೀಪಾವಳಿಯಲ್ಲಿ ನನ್ನ ಹೊಲಿಗೆ ಯಂತ್ರಕ್ಕೆ ಹೆಬ್ಬೆರಳಿನಿಂದ ಒಂದು ಬೊಟ್ಟು ಇಟ್ಟರು. ದೀಪಿಕಾಳ ಸೈಕಲ್ಲಿನ ಸರದಿ ಬಂದಾಗ ತಂಬಿಗೆಯನ್ನೇ ಬಗ್ಗಿಸಿದರು. ಚೈನಿನ ಉದ್ದಕ್ಕೂ ಧಾರೆ! "ನನ್ನ ದೀಪೀದು ನುಣ್ಣಗೆ ಓಡ್ಬೇಕು," ಅಂದರು. ದೀಪಿಕಾ ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು. ನಾನು ಹೊಲಿಗೆ ಯಂತ್ರದ ಆ ಒಂದು ಬೊಟ್ಟನ್ನು ಸೆರಗಿನಿಂದ ಒರೆಸಿಬಿಟ್ಟೆ. ಯಾರಿಗೆ ಬೇಕು ಇವರ ಭಿಕ್ಷೆ?

ಅದಾದ ಭಾನುವಾರ ಎಲ್ಲರೂ ಹೊರಟೆವು. ಎಲ್ಲಿಗೆ? ಬೇರೆಲ್ಲೂ ಅಲ್ಲ, ನನ್ನ ತವರಿನ ಕೆರೆಗೇ. ಆ ವರ್ಷ ಮಳೆ ಚೆನ್ನಾಗಿ ಹಿಡಿದು ಕೆರೆ ತುಂಬಿತ್ತು. ಹಿನ್ನೀರಿನ ಕಡೆ ಏರಿಲ್ಲ, ಇಳಿಜಾರಿಲ್ಲ, ಕಣ್ಣು ಹೋದಷ್ಟು ದೂರ ಸಪಾಟು ಬಯಲು. ಒಂದು ಕಡೆ ಪಾದ ಮುಳುಗುವಷ್ಟು ನೀರು, ಒಂದು ಕಡೆ ಎರೆ ಮಣ್ಣಿನ ಕೆಸರು, ನಡುವೆ ಜೊಂಡು, ಬೆಳ್ಳಕ್ಕಿ ಹಿಂಡು. ನಾನು ಎರಡು ಜಡೆ ಹಾಕಿಕೊಂಡು ಸೈಕಲ್ ಓಡಿಸಿದ ಜಾಗ. ಈಗ ಅಲ್ಲಿ ದೀಪಿಕಾ ಸೈಕಲ್ ತುಳಿಯುವವಳು, ನಾನು ಮಂಡಕ್ಕಿ ಒಗ್ಗರಣೆ ಹಂಚುವವಳು.

ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ ಜಮಖಾನ ಹಾಸಿದೆವು. ಗಂಡ ಹೆಂಡತಿ ಒಂದು ಸುತ್ತು ಹೋಗಿ ಬಂದರು. ಮಲ್ಲಿಕ್ ತನ್ನ ಸೈಕಲ್ಲನ್ನು ಕಾರಿಗೆ ಒರಗಿಸಿ, ಫೋನಿಗೆ ಸಿಗ್ನಲ್ ಹುಡುಕುತ್ತ ಮೇಲಿನ ಹೊಲದ ಆಚೆ ಹೋದ. ದೀಪಿಕಾ ಇನ್ನೊಂದು ಸುತ್ತು ಅಂತ ಒಬ್ಬಳೇ ಹೊರಟಳು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು.

"ನೋಡೇ ಕಾಂಚನಾ, ಹೆಂಗೆ ಹೋಗ್ತಾಳೆ! ಇದ್ಕೆಲ್ಲ ಧೈರ್ಯ ಬೇಕು ಕಣೇ. ನಿನ್ ಕೈಲಿ ಆಗ್ತೈತಾ?"

ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣಲ್ಲಿ ನೀರು ಬಂದಿದ್ದಕ್ಕೆ ಈರುಳ್ಳಿಯೇ ಕಾರಣ ಅಂತ ಎಲ್ಲರೂ ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಅಷ್ಟರಲ್ಲಿ ದೂರದಲ್ಲಿ ದೀಪಿಕಾಳ ಸೈಕಲ್ ಗಕ್ಕನೆ ನಿಂತಿತು. ಅವಳು ಪಕ್ಕಕ್ಕೆ ವಾಲಿ ಕೆಸರಿಗೆ ಬಿದ್ದಳು. ಎದ್ದಳು, ಸೈಕಲ್ ಎಳೆದಳು, ಅದು ಜಗ್ಗಲಿಲ್ಲ. ಇನ್ನೊಂದು ಸಲ ಎಳೆದು ಕೂತೇಬಿಟ್ಟಳು. ಇರುವ ವಿಷಯ ಹೇಳುತ್ತೇನೆ, ನನ್ನ ಹೊಟ್ಟೆ ತಣ್ಣಗಾಯಿತು. ಬೀಳಲಿ, ಚೆನ್ನಾಗಿ ಬೀಳಲಿ ಅಂದುಕೊಂಡೆ.

"ಅಯ್ಯೋ ನನ್ ಮಗಳೇ!" ಅಂತ ಅತ್ತೆ ಎದ್ದು ನಿಂತರು. "ಲೇ ಸಿದ್ದಲಿಂಗಾ, ಓಡೋ! ಕೂಸು ಕೆಸರಾಗೆ ಸಿಕ್ಕೈತೆ!"

ಮಗಳೇ! ನನ್ನ ಎರಡು ಹೆರಿಗೆಯಲ್ಲೂ ಆ ಬಾಯಿಂದ ಬಾರದ ಮಾತು, ಒಂದಿಷ್ಟು ಕೆಸರು ಮೆತ್ತಿದ್ದಕ್ಕೆ ಬಂತು. ತಣ್ಣಗಾಗಿದ್ದ ಹೊಟ್ಟೆ ಮತ್ತೆ ಹತ್ತಿಕೊಂಡಿತು. ನಮ್ಮವರು ಪ್ಯಾಂಟು ಮಡಚಿಕೊಂಡು ನಾಲ್ಕು ಹೆಜ್ಜೆ ಇಟ್ಟರು, ಮೊಣಕಾಲವರೆಗೆ ಹೂತು ಅಲ್ಲೇ ನಿಂತು, "ಮಲ್ಲಿಕ್! ಲೇ ಮಲ್ಲಿಕ್!" ಅಂತ ಕೂಗತೊಡಗಿದರು.

ನಾನು ಈಳಿಗೆಮಣೆ ಬಿಟ್ಟು ಎದ್ದೆ. ಸೀರೆಯನ್ನೂ ಲಂಗವನ್ನೂ ಒಟ್ಟಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಮೊಣಕಾಲು ಕಾಣುತ್ತಿತ್ತು. ಕಾಣಲಿ! ಮಲ್ಲಿಕ್‌ನ ಸೈಕಲ್ ಎಳೆದುಕೊಂಡು, ಅಡ್ಡ ಬಾರಿನ ಮೇಲೆ ಕಾಲು ಹಾಕಿ ಹತ್ತಿದೆ. "ಏ, ಏ, ಏನ್ಮಾಡ್ತೀಯೇ?" ಅಂತ ನಮ್ಮವರು ಕೂಗಿದರು. ಹಿಂತಿರುಗಿ ನೋಡಲಿಲ್ಲ. ದೀಪಿಕಾಳನ್ನು ಕಾಪಾಡಬೇಕು ಅಂತ ಹೊರಟೆ ಅಂತ ನನ್ನನ್ನು ಯಾರೂ ಹೊಗಳುವುದು ಬೇಡ. ಅತ್ತೆ ನೋಡಲಿ ಅಂತ ಹೊರಟೆ.

ಮೊದಲು ಹ್ಯಾಂಡಲ್ ತೂರಾಡಿತು. ಆಮೇಲೆ ಕಾಲಿಗೆ ತಾನಾಗಿ ನೆನಪಾಯಿತು. ಎರೆ ಮಣ್ಣಿನಲ್ಲಿ ನೀರು ಬಸಿದ ಕಡೆ ಹೋದರೆ ಗಾಲಿಗೆ ಮಣ್ಣು ಸುತ್ತಿಕೊಳ್ಳುತ್ತದೆ. ನೀರು ನಿಂತ ಕಡೆಯೇ ಹೋಗಬೇಕು, ಅಂಟಿದ್ದು ಅಲ್ಲೇ ತೊಳೆದುಹೋಗುತ್ತದೆ. ನಮ್ಮೂರಿನ ಮಕ್ಕಳಿಗೆಲ್ಲ ಇದು ಗೊತ್ತು. ನೀರು ಎರಡೂ ಕಡೆ ಚಿಮ್ಮುತ್ತಿತ್ತು, ಬೆಳ್ಳಕ್ಕಿಗಳು ಎದ್ದವು, ತುರುಬು ಬಿಚ್ಚಿಹೋಯಿತು. ಅಷ್ಟು ವರ್ಷ ಆದಮೇಲೆ! ಅಯ್ಯೋ ಶಿವನೇ, ಒಂದೆರಡು ಗಳಿಗೆ ಆ ದೀಪಿಕಾ ಯಾರು ಅನ್ನುವುದೇ ಮರೆತುಹೋಗಿತ್ತು.

ಹತ್ತಿರ ಹೋದಾಗ ಅವಳು ಒಂದು ಕಾಲಿನ ಬೂಟು ಕಳೆದುಕೊಂಡು ಅಳುತ್ತ ಕೂತಿದ್ದಳು.

"ಅಕ್ಕಾ! ನಿಮಗೆ ಸೈಕಲ್ ಬರ್ತದಾ?"

"ನೀನು ಹುಟ್ಟೋಕ್ ಮುಂಚೆಯಿಂದ ಬರ್ತೈತೆ," ಅಂದೆ. ಸ್ವಲ್ಪ ಹೆಚ್ಚೇ ಹೇಳಿದೆ, ಇರಲಿ. "ಏನಾಗೈತೆ ಅದ್ಕೆ?"

ಚೈನು ಎಳ್ಳುಂಡೆಯಾಗಿತ್ತು. ಶೇಂಗಾ ಎಣ್ಣೆ ಗಟ್ಟಿಯಾಗಿ ಅಂಟು ಕಟ್ಟಿ, ಅದಕ್ಕೆ ಎರೆ ಮಣ್ಣು ಮೆತ್ತಿ, ಹಲ್ಲು ಯಾವುದು ಚೈನು ಯಾವುದು ಅಂತ ತಿಳಿಯದಂತೆ ಕಚ್ಚಿಕೊಂಡಿತ್ತು.

"ಅಡುಗೆ ಎಣ್ಣೆ ಹಾಕಬಾರದು ಅಕ್ಕಾ ಇದಕ್ಕೆ. ಅತ್ತೆ ಅಷ್ಟು ಪ್ರೀತಿಯಿಂದ ಹಾಕ್ತಿದ್ರು, ಹೆಂಗೆ ಬೇಡ ಅನ್ನಲಿ? ಒರೆಸಿದ್ರೆ ಬೇಜಾರಾಗ್ತಾರೆ ಅಂತ ಹಂಗೇ ಬಿಟ್ಟೆ."

ಪ್ರೀತಿಯಂತೆ! ತಂಬಿಗೆಯಿಂದ ಸುರಿದ ಪ್ರೀತಿ. ನನಗೆ ನಗು ಬಂತು, ಅವಳ ಮೇಲೆ ಸಿಟ್ಟೂ ಬಂತು. ಅಷ್ಟನ್ನು ಪಡೆದು ಅಳುತ್ತ ಕೂತಿದ್ದಾಳಲ್ಲ ಇವಳು! ತಾಳಿ ಸರಕ್ಕೆ ಸಿಕ್ಕಿಸಿದ್ದ ಪಿನ್ನು ತೆಗೆದು ಚೈನಿನ ಸಂದಿಯಿಂದ ಮಣ್ಣು ಕಿತ್ತೆ. ಸೈಕಲ್ಲನ್ನು ನೀರಿಗೆ ಎಳೆದು ತೊಳೆದೆವು. ಪೆಡಲ್ ಒಂದು ಸುತ್ತು ಬಂತು.

"ನನ್ ಹಿಂದೆ ಬಾ. ನಾನ್ ಹೋದ ಕಡೆನೇ ಬರ್ಬೇಕು, ತಿಳೀತಾ?"

"ಹೂಂ ಅಕ್ಕಾ."

ನಾನು ಮುಂದೆ, ಅವಳು ಹಿಂದೆ. ಬೇಕೆಂದೇ ಒಂದು ಸುತ್ತು ಹೆಚ್ಚು ಹಾಕಿಸಿದೆ. ಅತ್ತೆಗೆ ಸರಿಯಾಗಿ ಕಾಣಬೇಕಲ್ಲ! ಮರದ ಹತ್ತಿರ ಬರುವಾಗ ಎದೆ ಹೊಡೆದುಕೊಳ್ಳುತ್ತಿತ್ತು, ತುಳಿದದ್ದಕ್ಕಲ್ಲ. ಈಗ ಹೇಳುತ್ತಾರೆ, ಈಗ ಹೇಳಲೇಬೇಕು. ಅತ್ತೆ ಬಾಯಿ ತೆರೆದುಕೊಂಡು ನಿಂತಿದ್ದರು. ದೀಪಿಕಾಳನ್ನು ದಾಟಿ ನೇರ ನನ್ನ ಹತ್ತಿರ ಬಂದು, ಕೆಸರಾಗಿದ್ದ ನನ್ನ ಕೆನ್ನೆ ಸವರಿದರು. ಅವರ ಕಣ್ಣು ತುಂಬಿತ್ತು.

"ಏನೇ ಕಾಂಚನಾ ಇದು! ಸೈಕಲ್ ಬರ್ತೈತಾ ನಿಂಗೆ? ಇಷ್ಟ್ ವರ್ಷ ಒಂದಿನಾನೂ ಬಾಯಿ ಬಿಡ್ಲಿಲ್ವಲ್ಲೇ!"

ನಾನು ಅವರ ಮುಖವನ್ನೇ ನೋಡಿದೆ. ನಾಟಕ ಇರಬೇಕು ಅಂತ ಹುಡುಕಿದೆ. ಇರಲಿಲ್ಲ.

"ತಂದಿದ್ನಲ್ಲ ಅತ್ತೇ," ಅಂದೆ. "ಮದುವೇಲಿ. ಟ್ರ್ಯಾಕ್ಟರಿನಾಗೆ. ನಮ್ಮಪ್ಪ ಕಳ್ಸಿದ್ರು."

"ಹೌದಾ?" ಅತ್ತೆ ನಮ್ಮವರ ಕಡೆ ತಿರುಗಿದರು. "ಹೌದೇನೋ ಸಿದ್ದಲಿಂಗಾ?" ನಮ್ಮವರು ಬಗ್ಗಿ ಕಾಲಿನ ಕೆಸರು ಕೆರೆಯುತ್ತಿದ್ದರು, ತಲೆ ಎತ್ತಲಿಲ್ಲ. "ಮತ್ತೆ ಏನಾಯ್ತೇ ಅದು?"

"ಕೊಟ್ಬಿಟ್ರು."

"ಅಯ್ಯೋ, ತವರಿಂದ ತಂದ ಸಾಮಾನು!" ಅತ್ತೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ನನ್ನ ಪರವಾಗಿ ಬಂದ ಸಿಟ್ಟು. "ಯಾವ ಬುದ್ಧಿಗೇಡಿ ಕೊಟ್ಟಿದ್ದು ಅದನ್ನ? ಹೇಳು, ಯಾರೇ?"