ಬಾವಿಕಟ್ಟೆಯ ಮೇಲಿನ ಗೋಣಿಚೀಲ

ಒಗೆಯಲೆಂದು ಗೋಣಿಚೀಲ ಕೊಡವಿದಾಗ ರಾಜಮತಿಯ ಬೆರಳಿಗೆ ನಾಲ್ಕಾರು ಬಿಳಿ ಕೂದಲು ಅಂಟಿಕೊಂಡವು. ಬೆಕ್ಕಿನದಲ್ಲ, ಆಡಿನದಂತೂ ಅಲ್ಲ. ಹಿಂಜಿದ ಹತ್ತಿಯಷ್ಟು ಮೆತ್ತಗಿದ್ದವು. ಅವಳು ಬಿಸಿಲಿಗೆ ಹಿಡಿದು ನೋಡಿದಳು, ಮೂಸಿ ನೋಡಿದಳು.

ಅವಳ ಗಂಡ ಪಾರೀಸ ಮೂರು ತಿಂಗಳಿಂದ ಪ್ರತಿ ಗುರುವಾರ ಮುಂಜಾನೆಯ ರೈಲಿಗೆ ಖಾನಾಪುರದಿಂದ ಬೆಳಗಾವಿಗೆ ಹೋಗುತ್ತಿದ್ದ. ಕೇಳಿದರೆ "ಶಹಾಪುರ ಪ್ಯಾಟ್ಯಾಗ ಕೆಲಸ ಐತಿ" ಎನ್ನುವನು. ಸಂಜೆ ಬರುವಾಗ ಹೆಗಲ ಮೇಲೊಂದು ಬಾಯಿ ಬಿಗಿದ ಚೀಲ. ಅದು ಎಂದೂ ಹೊಸ್ತಿಲು ದಾಟುತ್ತಿರಲಿಲ್ಲ. ಸ್ಟೇಷನ್ನಿನಿಂದ ನೆಟ್ಟಗೆ ಹೊಳೆದಂಡೆಯ ಹೊಲಕ್ಕೆ ಹೋಗುತ್ತಿತ್ತು. ಆಮೇಲೆ ಆತ ಬಾವಿಕಟ್ಟೆಯಲ್ಲಿ ಕೂತು ಮೊಣಕೈವರೆಗೆ ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆದುಕೊಳ್ಳುತ್ತಿದ್ದ. ಈ ಸಲ ಖಾಲಿ ಚೀಲವನ್ನು ಅಲ್ಲೇ ಮರೆತಿದ್ದ.

ಅದು ಭಾದ್ರಪದ, ಜೈನರ ದಶಲಕ್ಷಣ ಪರ್ವದ ದಿನಗಳು. ಗಡ್ಡೆ ಗೆಣಸನ್ನೂ ಮುಟ್ಟದ ಮನೆ ಅದು. ಹಿಂದಿನ ದಿನವಷ್ಟೇ ಬಸದಿಯಲ್ಲಿ ಬಾಜೂಮನೆಯ ಕಾಂತಾ ಅವಳ ಕಿವಿಯಲ್ಲಿ ಉಸುರಿದ್ದಳು: "ನಿಮ್ಮವರು ಬೆಳಗಾವಿ ಕ್ಯಾಂಪಿನಾಗ, ಕಸಾಯಿ ಅಂಗಡಿ ಬಾಜೂಕ ನಮ್ಮವರ ಕಣ್ಣಿಗೆ ಬಿದ್ರಂತ. ಕರದ್ರ ತಿರುಗಿನೂ ನೋಡಲಿಲ್ಲಂತ." ರಾಜಮತಿ ಆಗ ಸಿಡುಕಿ ಎದ್ದು ಬಂದಿದ್ದಳು. ಈಗ ಕೂದಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಯಾರಿಗೆ ಹೇಳುವುದು? ಅತ್ತೆ ಶಾಂತಾಬಾಯಿ ಒಂದು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ನೋವು ಎದ್ದಾಗ ಹಲ್ಲು ಕಚ್ಚಿ ಗೋಡೆಯ ಕಡೆ ಹೊರಳುತ್ತಿದ್ದಳೇ ಹೊರತು ಕೂಗುತ್ತಿರಲಿಲ್ಲ. ವೈದ್ಯ ಈರಯ್ಯನವರು ಭಂಗಿ ಸೊಪ್ಪನ್ನು ತುಪ್ಪದಲ್ಲಿ ಕಾಸಿ ಮಾಡುವ ಲೇಹವೊಂದೇ ಅವಳಿಗೆ ನಿದ್ದೆ ತರುತ್ತಿತ್ತು. ಅದಕ್ಕೆ ಬೇಕಾದ ಐದು ಗಿಡಗಳನ್ನು ವೈದ್ಯರ ಪರವಾನಗಿಯ ಮೇಲೆ ಪಾರೀಸನೇ ಹೊಲದಲ್ಲಿ ಬೆಳೆಸುತ್ತಿದ್ದ. ಹೋದ ವರ್ಷ ಹಳದಿಯಾಗಿ ಮುದುಡಿದ್ದ ಗಿಡಗಳು ಈ ವರ್ಷ ಎದೆಯುದ್ದ ಬೆಳೆದು ಕಪ್ಪಗೆ ಮಿಂಚುತ್ತಿದ್ದವು. ಒಳ್ಳೆಯ ಮಳೆ ಎಂದುಕೊಂಡಿದ್ದಳು ರಾಜಮತಿ.

ಮುಂದಿನ ಗುರುವಾರ ಅತ್ತೆಯನ್ನು ಕಾಂತಾಳಿಗೆ ಒಪ್ಪಿಸಿ, ಬೆಳಗಾವಿಯ ಬಸದಿಗೆ ಹೋಗಿ ಬರುತ್ತೇನೆಂದು ಹೇಳಿ, ಅದೇ ರೈಲಿನ ಹೆಂಗಸರ ಡಬ್ಬಿಯಲ್ಲಿ ಕೂತಳು. ಸ್ಟೇಷನ್ನಿನಲ್ಲಿ ಇಳಿದ ಪಾರೀಸ ಶಹಾಪುರದ ದಾರಿ ಹಿಡಿಯಲೇ ಇಲ್ಲ. ಬಿಳಿಯರ ದಂಡಿದ್ದ ಕ್ಯಾಂಪಿನತ್ತ ಬಿರಬಿರನೆ ನಡೆದು, ತಟ್ಟಿನ ಪರದೆ ಕಟ್ಟಿದ ಒಂದು ಅಂಗಳದೊಳಗೆ ಹೊಕ್ಕ. ಒಳಗಿನಿಂದ ಹೆಂಗಸಿನ ನಗೆ ಕೇಳಿತು.

ರಾಜಮತಿ ಎದುರಿನ ಹುಣಸೆಮರದಡಿ ನಿಂತಳು. ಪರದೆಯ ಪಕ್ಕದ ಹಗ್ಗದ ಮೇಲೆ ಎರಡು ಸಣ್ಣ ಬಿಳಿ ತೊಗಲು ಒಣಗುತ್ತಿದ್ದವು. ಅವನ್ನು ನೋಡಿದ ಮೇಲೆ ಅವಳಿಗೆ ನಿಲ್ಲಲಾಗಲಿಲ್ಲ. ರಸ್ತೆ ದಾಟಿ ಪರದೆ ಸರಿಸಿಯೇಬಿಟ್ಟಳು.

ಅಂಗಳದ ತುಂಬ ತಂತಿ ಬಡಿದ ಕಟ್ಟಿಗೆಯ ಪೆಟ್ಟಿಗೆಗಳು, ಅವುಗಳೊಳಗೆ ಬಿಳಿ ಮೊಲಗಳು. ಪಾರೀಸ ಧೋತರ ಮೇಲಕ್ಕೆ ಸಿಕ್ಕಿಸಿಕೊಂಡು, ಮೊಣಕಾಲೂರಿ, ಪೆಟ್ಟಿಗೆಯಡಿಯ ಹಿಕ್ಕೆಯನ್ನು ಕಸಬರಿಗೆಯಿಂದ ಗುಡಿಸಿ ಚೀಲಕ್ಕೆ ತುಂಬುತ್ತಿದ್ದ. ಹೆಂಡತಿಯನ್ನು ಕಂಡು ಅವನ ಕೈ ಅಲ್ಲಿಗೇ ನಿಂತಿತು.

"ಯಾರ್ರೀ ಬಾಯಿ?" ಎಂದಳು ಕಟ್ಟೆಯ ಮೇಲೆ ಕೂತು ಹುಲ್ಲು ಆರಿಸುತ್ತಿದ್ದ ಹೆಂಗಸು.

"ನಮ್ಮ ಮನಿಯವ್ರು, ಮಾಸೂಮಾಬಿ," ಎಂದ ಪಾರೀಸ ತಲೆ ತಗ್ಗಿಸಿ.

"ಇದಕ್ಕ ಬರತಿದ್ರಿ?" ರಾಜಮತಿ ಚೀಲದ ಕಡೆ ಬೆರಳು ಮಾಡಿದಳು. "ಹೊಲಸು ಬಳ್ಯಾಕ?"

"ಅವ್ವನ ಗಿಡಕ್ಕ," ಎಂದ ಆತ. "ಹೋದ ವರ್ಷ ಹಸೀ ಸಗಣಿ ಹಾಕಿ ಬೇರು ಸುಟ್ಟೆ. ಇದು ತಂಪು. ಕೊಳಸೂದೂ ಬ್ಯಾಡ, ಹಾಂಗ ಹಾಕಿದ್ರ ಗಿಡ ತಡಕೋತೈತಿ. ಇವ್ರ ಯಜಮಾನ್ರು ಸಾಹೇಬನ ಬಂಗಲೇದಾಗ ಅಡಗಿ ಮಾಡತಿದ್ರು. ಅಲ್ಲೇ ಗುಲಾಬಿಗೆ ಹಾಕಿ ನೋಡಿದ್ರಂತ."

"ಮತ್ತ ಆ ತೊಗಲು?"

ಉತ್ತರ ಕೊಟ್ಟವಳು ಮಾಸೂಮಾ. "ಗೋರಾ ಲೋಗರ ಮೆಸ್ಸಿಗೆ ಮಾಂಸ ಕೊಡತೀನಿ ಬಾಯಿ. ಸಾಹೇಬ ವಿಲಾಯತಿಗೆ ಹೋಗೋವಾಗ ಆರು ಮೊಲ ಬಿಟ್ಟು ಹೋದ. ಯಜಮಾನ್ರೂ ತೀರಿಕೊಂಡ್ರು. ನನ್ನ ಹೊಟ್ಟಿ ಹೆಂಗ ನಡೀಬೇಕು?"

ವಾಪಸು ಬರುವಾಗ ಗಂಡಹೆಂಡತಿ ಒಂದೇ ಡಬ್ಬಿಯಲ್ಲಿ ಎದುರುಬದುರು ಕೂತರು. ದೇಸೂರು ದಾಟಿದ ಮೇಲೆ ಅವಳು ಕೇಳಿದಳು:

"ಅಲ್ಲೆ ಏನೂ ತಿಂದಿಲ್ಲ?"

"ನೀರೂ ಕುಡಿದಿಲ್ಲ."

"ಅಷ್ಟ ಆಗಿದ್ರ ನನ್ನ ಮುಂದ ಯಾಕ ಹೇಳಲಿಲ್ಲ?"

"ನಿನ್ನ ಮಾರಿ ಮ್ಯಾಲೆ ಏನೂ ಮುಚ್ಚಂಗಿಲ್ಲ, ರಾಜೂ. ಕೊಯ್ಯೂ ಮೊಲದ ಹಿಕ್ಕಿ ಅಂತ ಅವ್ವಗ ಗೊತ್ತಾದ್ರ ಔಷಧಿ ಬಿಡತಾಳ."

ಆದರೂ ಅವಳ ಮನಸ್ಸು ಪೂರ್ತಿ ಒಪ್ಪಲಿಲ್ಲ. ಮರುದಿನ ಒಬ್ಬಳೇ ಹೊಲಕ್ಕೆ ಹೋಗಿ ಗಿಡದ ಬುಡ ಕೆದರಿದಳು. ಕಡಲೆಕಾಳಿನಂಥ ಕಪ್ಪು ಹಿಕ್ಕೆ, ಅದರಡಿ ಮೆತ್ತನೆಯ ಮಣ್ಣು, ಎರೆಹುಳು. ಬೇರೇನೂ ಇರಲಿಲ್ಲ. ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತಳು. ಸಮಾಧಾನಕ್ಕೋ, ಸಿಟ್ಟಿಗೋ, ಅವಳಿಗೇ ತಿಳಿಯಲಿಲ್ಲ.

ಪಾರೀಸ ಹೇಳಿದಂತೆಯೇ ಆಯಿತು. ಎರಡನೆಯ ಸಂಜೆ, ಹೊತ್ತು ಮುಳುಗುವ ಮೊದಲು ಲೇಹದ ಬಟ್ಟಲು ಹಿಡಿದು ಹೋದಾಗ ಶಾಂತಾಬಾಯಿ ಅವಳ ಮಣಿಕಟ್ಟು ಹಿಡಿದಳು.

"ಎರಡು ದಿನ ಆತು, ಇದನ್ನ ಕೊಡೂಮುಂದ ನನ್ನ ಮಾರಿ ನೋಡವಲ್ಲಿ. ಏನ ಬೆರಸೀರಿ ಇದರಾಗ?"

"ಏನಿಲ್ರಿ ಅತ್ತಿ."

"ಮುದುಕಿ ಲಗೂನ ಸಾಯವಲ್ಲದು ಅಂತ ಬ್ಯಾಸರಾತೇನು ನಿಮಗ?"

ರಾಜಮತಿ ಬಟ್ಟಲನ್ನು ಕೆಳಗಿಟ್ಟಳು. ಅಂಥ ಮಾತು ಕೇಳಿದ ಮೇಲೆ ಮುಚ್ಚಿಡುವುದು ಎಲ್ಲಿಂದ ಬಂತು? ಚೀಲ, ಮೊಲ, ಮೆಸ್ಸು, ಎಲ್ಲವನ್ನೂ ಹೇಳಿದಳು. ಅಷ್ಟರಲ್ಲಿ ಪಾರೀಸ ಬಾಗಿಲಿಗೆ ಬಂದಿದ್ದ.

ಶಾಂತಾಬಾಯಿ ಸೊಸೆಯ ಮಣಿಕಟ್ಟು ಬಿಟ್ಟಳು. ಆಮೇಲೆ ಅಂದಳು: "ತಿಳೀದ ತಿಂದದ್ದು ಆತು. ಇನ್ನ ತಿಳದು ತಿನ್ನಂಗಿಲ್ಲ. ಗಿಡದ ಬುಡದಾಗಿಂದ ಅದನ್ನ ಕೆರದು ತಗೀರಿ. ಗೊಬ್ಬರ ಬೇಕಂದ್ರ ಯಾರೂ ಕೊಯ್ಯಲಾರದ ಮೊಲ ಮನ್ಯಾಗ ಸಾಕ್ರಿ. ಹೊಸಾ ಚಿಗುರು ಬರಲಿ, ಆಗ ತಗೋತೀನಿ."

"ಅಲ್ಲೀತನಕ ನೋವು, ಅವ್ವಾ?" ಎಂದ ಪಾರೀಸ.

"ನೋವು ನಂದು."

ರಾಜಮತಿ ಮತ್ತೆ ಕ್ಯಾಂಪಿಗೆ ಹೋದಳು, ಈ ಸಲ ಗಂಡನ ಜೊತೆಗೇ. ಒಂದು ಜೋಡಿ ಮೊಲ ಬೇಕೆಂದಾಗ ಮಾಸೂಮಾ ಅವಳನ್ನು ಮೇಲಿಂದ ಕೆಳಗೆ ಅಳೆದಳು.

"ನೀವು ಜೈನ ಲೋಗ. ಪುಣ್ಯ ಬರತೈತಂತ ಅಡವ್ಯಾಗ ಬಿಟ್ಟು ಬರತೀರಿ. ಒಂದ ತಾಸಿನ್ಯಾಗ ನರಿ ತಿಂತೈತಿ. ಅದಕ್ಕ ನನ್ನ ಚೂರಿ ಛಲೋ."

"ಸಾಕಾಕ್ರಿ, ಮಾಸೂಮಾಬಿ."

"ಸಾಕಾಕ? ಕೊಯ್ಯದ?"

"ಬೇಕಾದ್ರ ಖಾನಾಪುರಕ್ಕ ಬಂದು ನೋಡಿ ಹೋಗ್ರಿ."

ಮಾಸೂಮಾ ಸುಮ್ಮನೆ ಒಪ್ಪುವವಳಲ್ಲ. ಯಾವ ಹುಲ್ಲು ಹಾಕುತ್ತೀ, ಒದ್ದೆ ಹುಲ್ಲು ತಿಂದರೆ ಏನಾಗುತ್ತದೆ, ಮರಿ ಹಾಕಿದಾಗ ಗಂಡನ್ನು ಎಲ್ಲಿಡಬೇಕು ಎಂದೆಲ್ಲ ಕೇಳಿ, ಉತ್ತರ ತಪ್ಪಿದಲ್ಲಿ ಬೈದು ಹೇಳಿಕೊಟ್ಟ ಮೇಲೆಯೇ ಬುಟ್ಟಿಗೆ ಎರಡು ಮೊಲ ಹಾಕಿದಳು.

ಹದಿಮೂರು ದಿನ ಶಾಂತಾಬಾಯಿ ಲೇಹವಿಲ್ಲದೆ ಕಳೆದಳು. ಈರಯ್ಯನವರು ಬಂದು ಬೇಡಿಕೊಂಡರೂ ಕೇಳಲಿಲ್ಲ. ಪಾರೀಸ ಬಾವಿಯ ಹಿಂದೆ ಹೋಗಿ ಅತ್ತು ಬರುತ್ತಿದ್ದ. ರಾಜಮತಿ ರಾತ್ರಿಯೆಲ್ಲ ಅತ್ತೆಯ ಹಾಸಿಗೆಯ ಬಳಿ ಎಚ್ಚರ ಕೂತಿರುತ್ತಿದ್ದಳು. ನೋವು ಇಳಿದ ಹೊತ್ತಿನಲ್ಲಿ ಮುದುಕಿ ಮೊಲಗಳನ್ನು ಹಾಸಿಗೆಯ ಹತ್ತಿರ ತರಿಸಿ, ಒಂದೊಂದೇ ಎಲೆ ತಿನ್ನಿಸುತ್ತಿದ್ದಳು.

ಹದಿನಾಲ್ಕನೆಯ ದಿನ ಎಳೆಯ ಸೊಪ್ಪಿನ ಲೇಹ ಬಂತು. ಶಾಂತಾಬಾಯಿ ಬಟ್ಟಲನ್ನು ನೋಡಿ, ಸೊಸೆಯನ್ನು ನೋಡಿ, "ಮೊದಲ ನೀ ಒಂದು ಚೂರು ತಿನ್ನು," ಎಂದಳು.

ರಾಜಮತಿ ಮರುಮಾತಾಡದೆ ಬೋರೆಹಣ್ಣಿನಷ್ಟು ತೆಗೆದು ನುಂಗಿದಳು. ಅತ್ತೆಯೂ ತಿಂದಳು.

ಮರುದಿನ ರಾಜಮತಿ ಕಣ್ಣು ಬಿಟ್ಟಾಗ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಒಲೆಗೆ ಬೆಂಕಿ ಬಿದ್ದಿರಲಿಲ್ಲ. ಹಾಸಿಗೆಯಲ್ಲಿ ಶಾಂತಾಬಾಯಿ ದಿಂಬಿಗೆ ಆತು ಕೂತು, ನೋಡಲು ಬಂದ ಕಾಂತಾಳಿಗೆ ಹೇಳುತ್ತಿದ್ದಳು: "ಸದ್ದು ಮಾಡಬ್ಯಾಡವಾ. ಮಲಗಲಿ. ಭಾಳ ದಿನಾ ಆತು, ಆಕಿನೂ ನಿದ್ದಿ ಮಾಡಿಲ್ಲ."