ಅರ ತಿಂದ ಅಂಚು

ನಾನು ಹಾಲೆಂಡ್ ದೇಶದ ಒಂದು ಬೆಳ್ಳಿ ಗಿಲ್ಡರ್ ನಾಣ್ಯ. ಟಂಕಸಾಲೆಯಲ್ಲಿ ಒಂದು ಬದಿಗೆ ರಾಣಿಯ ಮುಖ ಒತ್ತಿದರು, ಇನ್ನೊಂದು ಬದಿಗೆ ಸಿಂಹದ ಲಾಂಛನ ಒತ್ತಿದರು. ಅಂಚಿನ ಸುತ್ತಲೂ ‘ದೇವರು ನಮ್ಮೊಂದಿಗಿರಲಿ’ ಎಂದು ತಮ್ಮ ಭಾಷೆಯಲ್ಲಿ ಕೊರೆದರು. ಮುಖವನ್ನು ಎಲ್ಲರೂ ನೋಡುತ್ತಾರೆ, ಅಂಚನ್ನು ಓದುವವರು ಯಾರು? ಹೆಂಡದಂಗಡಿ, ಮೀನಂಗಡಿ, ಟ್ರಾಮು ಎಂದು ಅಲೆದು ಅಲೆದು ನನಗೆ ಸುಸ್ತಾಗಿತ್ತು.

ಕೊನೆಗೆ ಒಂದು ಬಂದರಿನಲ್ಲಿ ಹಡಗಿನ ಅಡುಗೆಯವ ಶೀನನ ಕಿಸೆ ಸೇರಿದೆ. ಅವನು ಗಂಗೊಳ್ಳಿಯ ಮೊಗವೀರ. ಅಂಚಿನ ಮಾತಿನ ಅರ್ಥವನ್ನು ಜೊತೆಯ ನಾವಿಕನೊಬ್ಬ ಅವನಿಗೆ ಬಿಡಿಸಿ ಹೇಳಿದ್ದ. ಅವನ ಹೆಂಡತಿ ಗುಲಾಬಿಗೆ ಕಡಲೆಂದರೆ ಭಯ. ಅವಳ ಅಣ್ಣ ದೋಣಿ ಮಗುಚಿ ಹೋದವನು. ರಜೆಗೆ ಊರಿಗೆ ಬಂದ ಶೀನ ನನ್ನನ್ನು ಅವಳ ಅಂಗೈಯಲ್ಲಿಟ್ಟ.

“ಕಾಣ್, ದೇವ್ರ್ ನಮ್ಮೊಟ್ಟಿಗ್ ಇರ್ಲಿ ಅಂದೇಳಿ ಬರ್ದಿರ್. ಇದ್ ನಿನ್ ಕುತ್ಗೀಲಿದ್ರೆ ಕಡಲ್ ನಂಗೆಂತ ಮಾಡೂದಿಲ್ಲ” ಎಂದ ಶೀನ.

ಅವಳು ಓದಿದವಳಲ್ಲ. ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ನನ್ನನ್ನು ಕರಿಮಣಿಗೆ ಪೋಣಿಸುವುದೆಂದಾಯಿತು.

ಕೊಂಡಿ ಬೆಸೆದ ಆಚಾರಿ ಒಳ್ಳೆಯವನು. ಒಳ್ಳೆಯತನ ಅತಿಯಾಯಿತು, ಅಷ್ಟೇ. ಮೈಗೆ ತಾಗುವ ಒಡವೆಯ ಅಂಚನ್ನು ಒರಟಾಗಿ ಬಿಟ್ಟು ಅವನಿಗೆ ರೂಢಿಯಿಲ್ಲ. ಅರ ಹಿಡಿದು ಸುತ್ತಲೂ ಉಜ್ಜಿಬಿಟ್ಟ. ಅಕ್ಷರಗಳೆಲ್ಲ ಅಳಿಸಿಹೋದವು.

“ಕುತ್ಗಿಗ್ ತರ್ಚೂಕಾಗ ಅಂದೇಳಿ ನೈಸ್ ಮಾಡಿದೆ” ಎಂದು ಗುಲಾಬಿಯ ಕೈಗಿತ್ತ. ಅವಳ ಹೆಬ್ಬೆರಳು ನನ್ನನ್ನು ಒಂದು ಸುತ್ತು ಬಂತು. ಕರಿಮಣಿಯನ್ನು ಕೊರಳಿಗೆ ಹಾಕಿಕೊಂಡಳು. ಪಾಪ, ತಿಳಿಯಲಿಲ್ಲ ಅಂದುಕೊಂಡೆ.

ಶೀನ ಹಡಗು ಹತ್ತಿದಾಗಲೆಲ್ಲ ಅವಳು ನನ್ನ ಅಂಚು ಸವರುತ್ತಾ ಕೂರುತ್ತಿದ್ದಳು. ಒಂದು ಮಳೆಗಾಲವಿಡೀ ಅವನ ಸುದ್ದಿಯೇ ಬರಲಿಲ್ಲ. ಕೇರಿಯವರ ದನಿ ತಗ್ಗಿತು. ಅವಳು ಮಾತ್ರ ಮೀನು ಮಾರಲು ಹೋದಲ್ಲೂ ನನ್ನನ್ನು ಬಿಡಲಿಲ್ಲ. ‘ನನ್ನಲ್ಲಿ ಏನೂ ಉಳಿದಿಲ್ಲ, ತಾಯಿ’ ಎಂದು ಕೂಗಬೇಕೆನಿಸುತ್ತಿತ್ತು. ಇಲ್ಲದ ಮಾತನ್ನು ಹೊತ್ತುಕೊಂಡಿರುವುದು ಬಹಳ ದಣಿವಿನ ಕೆಲಸ.

ಅವನು ಬಂದ, ಬಡಕಲಾಗಿ. ನನ್ನನ್ನು ಎತ್ತಿ ಅಂಚಿಗೆ ಉಗುರು ತಾಗಿಸಿದವನು ಒಂದು ಕ್ಷಣ ತಡೆದ.

“ಓದಿ ಹೇಳಿ, ಕಾಂಬ” ಎಂದಳು ಗುಲಾಬಿ.

“ದೇವ್ರ್ ನಮ್ಮೊಟ್ಟಿಗ್ ಇರ್ಲಿ” ಎಂದು ಅವನು ನುಣ್ಣನೆಯ ಬೆಳ್ಳಿಯನ್ನು ನೋಡಿ ಓದಿದ. ಮುಂದೆ ಪ್ರತಿ ಸಲ ಬಂದಾಗಲೂ ಓದಿದ.

ವಯಸ್ಸಾಗಿ ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವಳ ಕೈ ಹಿಡಿದು, “ಗುಲಾಬಿ, ಆ ನಾಣ್ಯದ್ ಅಂಚಲ್ಲಿ ಎಂತದೂ...” ಎಂದು ತಡವರಿಸಿದ.

“ಹ್ವಾಯ್, ನಂಗೊತ್ತಿತ್ತ್. ಆಚಾರಿ ಕೈಯಿಂದ ತಕಂಡಾಗ್ಳೇ ಗೊತ್ತಾಯ್ತ್. ಹೇಳಿರೆ ನೀವ್ ಹೆದ್ರಿಕಂಡ್ ಹಡಗ್ ಹತ್ತೂರಲ್ದಾ?”

ಅವನು ನಕ್ಕ. ಕೆಮ್ಮು ಬಂತು. ಆ ವಾರವೇ ಹೋದ.

ಕರಿಮಣಿ ತೆಗೆದರು. ಈಗ ನಾನು ಎಲೆಯಡಿಕೆ ಡಬ್ಬಿಯ ಮೂಲೆಯಲ್ಲಿದ್ದೇನೆ. ರಾಣಿಯ ಮುಖವೂ ಸವೆದಿದೆ, ನನಗೆ ಸಾಕಾಗಿದೆ. ಎಲೆಗೆ ಸುಣ್ಣ ಹಚ್ಚುವ ಮೊದಲು ಗುಲಾಬಿ ನನ್ನನ್ನು ಎತ್ತಿ, ಅಂಚಿನ ಮೇಲೆ ಹೆಬ್ಬೆರಳು ಎಳೆದು, ಈಗಲೂ ಕೇಳುತ್ತಾಳೆ:

“ಓದಿ ಹೇಳಿ, ಕಾಂಬ.”