ಕೌಬಾಯ್ ಜವರಪ್ಪನ ಮರಿ

ಸಿಂಗಪುರದ ಹೋಟೆಲುಗಳಲ್ಲಿ ಹಾಡಿ ಜೆರ್ರಿ ರಾಜ್ ಎಂದು ಹೆಸರಾದವನು ನನ್ನ ದೊಡ್ಡಪ್ಪನ ಮಗ ಜವರಪ್ಪ. ನಲ್ಲಂಪಳ್ಳಿಯ ಹತ್ತಿರ ಕುರಿ ಕಾಯುತ್ತಿದ್ದವನು ೧೯೬೭ರಲ್ಲಿ ಮದ್ರಾಸಿನಿಂದ ಹಡಗು ಹತ್ತಿದ. ಆರು ವರ್ಷದಲ್ಲಿ ನಾಲ್ಕು ರೆಕಾರ್ಡು ಬಂದವು. ಎಲ್ಲ ಇಂಗ್ಲಿಷ್ ಹಾಡುಗಳು. ಹಾಡಿನ ತುಂಬ ಕುದುರೆಗಳು. ನಮ್ಮೂರಿನಲ್ಲಿ ನಾನು ಒಂದು ಕುದುರೆಯನ್ನೂ ಕಂಡಿಲ್ಲ. ಹೆಚ್ಚು ಮಾರಾಟವಾದ ಹಾಡಿನ ಧಾಟಿ ಅವನ ಅಕ್ಕ ಸಣ್ಣಕ್ಕನದು. ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಒಪ್ಪಿಸುವಾಗ ಅವಳು ಗುನುಗುತ್ತಿದ್ದ ಹಾಡು ಅದು. ಇವನು ಅದರಲ್ಲಿ ಒಬ್ಬ ಪ್ರೇಯಸಿಯನ್ನು ತಂದು ಕೂರಿಸಿದ್ದ.

೧೯೭೩ರ ಪೊಂಗಲ್ ರಜೆಗೆ ನಾನು ಸೇಲಂನಿಂದ ಊರಿಗೆ ಬಂದಿದ್ದೆ. ಅಲ್ಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಜವರಪ್ಪನೂ ಬಂದ. ಅಗಲ ಅಂಚಿನ ಟೋಪಿ, ಮೊಣಕಾಲುದ್ದದ ಬೂಟು, ಜೊತೆಗೊಬ್ಬ ಫೋಟೋಗ್ರಾಫರ್. ಹೊಸ ರೆಕಾರ್ಡಿನ ಹೊದಿಕೆಗೆ ಹಳ್ಳಿಯ ಚಿತ್ರ ಬೇಕಿತ್ತಂತೆ.

ಹಿಂದಿನ ದಿನ ಒಂದು ಕುರಿ ಈದು ಸತ್ತಿತ್ತು. ಸಣ್ಣಕ್ಕ, ಜವರಪ್ಪರ ಅವ್ವ ಸಾಯುವಾಗ ಬಿಟ್ಟುಹೋದ ಕುರಿಯ ತಳಿಯಲ್ಲಿ ಉಳಿದದ್ದು ಅದರ ಮರಿಯೊಂದೇ. ಅಂದು ಬೆಳಗ್ಗೆ ಇನ್ನೊಂದು ಕುರಿಯ ಮರಿ ಸತ್ತಿತು. ಸಣ್ಣಕ್ಕ ಅದರ ಚರ್ಮ ಸುಲಿದು ಬದುಕಿದ ಮರಿಯ ಮೈಗೆ ಕಟ್ಟಿದಳು. ಸತ್ತ ಮರಿಯ ತಾಯಿ ಇದನ್ನು ತನ್ನದೇ ಮರಿಯೆಂದು ಮೂಸಿ ಹಾಲು ಕೊಡಬೇಕು. ಬಿಸಿಲೇರಿದರೆ ಚರ್ಮ ನಾರುತ್ತದೆ. ಆಮೇಲೆ ಆಗುವ ಕೆಲಸವಲ್ಲ.

ಅವಳು ಕುರಿ ಹಿಡಿದು ತರಲು ಹೋದಾಗ ಜವರಪ್ಪ ಮರಿಯನ್ನು ಎತ್ತಿ ಎದೆಗವಚಿಕೊಂಡ. ಅವನ ಕುತ್ತಿಗೆಗೂ ಕೈಗೂ ಬಳಿದಿದ್ದ ಸೆಂಟು ನನಗೇ ಹತ್ತು ಅಡಿ ದೂರಕ್ಕೆ ಹೊಡೆಯುತ್ತಿತ್ತು. ಕುರಿ ಮರಿಯನ್ನು ಗುರುತಿಸುವುದು ವಾಸನೆಯಿಂದ ಎಂದು ನಾನು ವರ್ಷವರ್ಷವೂ ಪಾಠ ಮಾಡಿದವನು. ಕುರುಬರ ಮನೆಯಲ್ಲಿ ಹುಟ್ಟಿದ ಅವನಿಗೆ ಅದನ್ನು ಹೇಳಿಕೊಡಬೇಕೆ? ಅಕ್ಕನೆದುರು ಅವನಿಗೆ ಮುಖಭಂಗವಾಗಲಿ ಎಂದು ಸುಮ್ಮನಿದ್ದೆ. ಏಳೆಂಟು ಫೋಟೋ ತೆಗೆದರು.

ಸಣ್ಣಕ್ಕ ಕುರಿಯನ್ನು ತಂದು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಗುನುಗತೊಡಗಿದಳು. ಕುರಿ ಒಮ್ಮೆ ಮೂಸಿತು. ಮರಿಯನ್ನು ತಲೆಯಿಂದ ಗುದ್ದಿ ಉರುಳಿಸಿತು. ಮತ್ತೆ ಮುಂದಿಟ್ಟರೆ ಮತ್ತೆ ಗುದ್ದಿತು. ಸಣ್ಣಕ್ಕ ಮರಿಯನ್ನು ಎತ್ತಿ ತಾನೇ ಮೂಸಿದಳು.

"ಯಾರ್ಲಾ ಮುಟ್ಟಿದ್ದು ಇದನ್ನ? ಮದುವೆ ಮನೆ ವಾಸ್ನೆ ಒಡೀತೈತೆ."

"ಫಾರಿನ್ ಸೆಂಟು ಅಕ್ಕಾ," ಎಂದು ಜವರಪ್ಪ ನಕ್ಕ. "ಇರು, ನಾನ್ ಆಡ್ತೀನಿ. ಪಾಟು ಕೇಳುದ್ರೆ ನಿಂತ್ಕಂತದೆ."

ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಮೂಗಿಗೆ ಸ್ವರ ಎಳೆದು ತನ್ನ ರೆಕಾರ್ಡಿನ ಹಾಡನ್ನೇ ಹಾಡಿದ. ಕುರಿ ಬಿಡಿಸಿಕೊಂಡು ಬೇಲಿಯ ಕಡೆ ಓಡಿತು.

"ಬಾಯ್ ಮುಚ್ಕೊಳ್ಳಲೇ," ಎಂದಳು ಸಣ್ಣಕ್ಕ. "ಪಾಟು ಕುರಿಗಲ್ಲ. ಇಡ್ಕಂಡೋರ ಕೈ ನಡುಗ್ಬಾರ್ದು ಅಂತ ಆಡೋದು. ಅವ್ವ ಏಳ್ಕೊಡ್ಲಿಲ್ವಾ ನಿಂಗೆ?"

ಅವನು ಬೂಟಿನ ಮಣ್ಣು ಕೊಡವಿ ಕಾರು ಹತ್ತಿದ. ಸಣ್ಣಕ್ಕ ಬಟ್ಟೆಯ ಬತ್ತಿಯಲ್ಲಿ ಹಸುವಿನ ಹಾಲು ಕುಡಿಸಿ ನೋಡಿದಳು. ಮೂರನೆಯ ದಿನ ಮರಿ ಸತ್ತಿತು. ನಾನು ಸುಮ್ಮನೆ ನೋಡುತ್ತ ನಿಂತಿದ್ದೆನೆಂದು ಅವಳಿಗೆ ಇಂದಿಗೂ ಹೇಳಿಲ್ಲ.

ಆಡಿ ತಿಂಗಳಲ್ಲಿ, ಆಷಾಢಕ್ಕೆ, ನಾನು ಮತ್ತೆ ಊರಿಗೆ ಬಂದಿದ್ದಾಗ ಅಂಚೆಯಲ್ಲಿ ರೆಕಾರ್ಡು ಬಂತು. ಹೊದಿಕೆಯ ಮೇಲೆ ಟೋಪಿ ಹಾಕಿಕೊಂಡು ಹಲ್ಲು ಬಿಟ್ಟ ಜವರಪ್ಪ, ಎದೆಯ ಮೇಲೆ ಮರಿ.

ಸಣ್ಣಕ್ಕ ಬಹಳ ಹೊತ್ತು ನೋಡಿದಳು. "ಅವ್ವನ ಕುರಿಗೂ ಇಂಗೇ ಕಿವಿ ಇತ್ತು," ಎಂದಳು. ಆಮೇಲೆ, "ಇವನ್ನ ಕತ್ತರಿಸಾಕಿ ಮರಿ ಒಂದ್ನೇ ನಂಗೆ ಕೊಡ್ಲಾ."

ನಾನು ಗೆರೆ ತಪ್ಪದಂತೆ ನಿಧಾನವಾಗಿ ಕತ್ತರಿಸಿದೆ. ಟೋಪಿ, ಹಲ್ಲು, ಬೂಟು ಎಲ್ಲ ಹೋದವು. ಮರಿಯ ಹೊಟ್ಟೆಯ ಮೇಲಿದ್ದ ಅವನ ಬೆರಳುಗಳನ್ನು ಮಾತ್ರ ಬಿಡಿಸಲು ಆಗಲಿಲ್ಲ.